ಸೂರ್ಯ ಪುಕ್ಕಟೆ ಸ್ವಾಮೀ, ಸೂರು ಯಾರದ್ದು?

ಸೂರ್ಯನ ಬಿಸಿಲಿಗೆ ಯಾರೂ ಬಿಲ್ ಕಳಿಸುವುದಿಲ್ಲ ಅನ್ನುವ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಜಾಹೀರಾತಿನಲ್ಲಿದೆ, ಭಾಷಣದಲ್ಲಿದೆ, ನಮ್ಮ ಆಫೀಸಿನ ಕ್ಯಾಂಟೀನಿನಲ್ಲೂ ಇದೆ. ನಿಜವೇ. ಬಿಸಿಲಿಗೆ ಬಿಲ್ ಇಲ್ಲ, ಗಾಳಿಗೂ ಇಲ್ಲ, ಮಳೆಗೂ ಇಲ್ಲ. ಆದರೆ ಬಿಸಿಲು ಬೀಳೋದಕ್ಕೆ ಒಂದು ಜಾಗ ಬೇಕಲ್ಲ ಸ್ವಾಮೀ? ಆ ಜಾಗ ಯಾರದ್ದು? ಅಲ್ಲಿ ಹುಟ್ಟಿದ ಕರೆಂಟು ಯಾರ ಮನೆಗೆ ಹೋಗುತ್ತದೆ? ಅದರಿಂದ ಉಳಿದ ದುಡ್ಡು ಯಾರ ಜೇಬಿಗೆ ಬೀಳುತ್ತದೆ? ಈ ಮೂರು ಪ್ರಶ್ನೆ ಕೇಳಿ ನೋಡಿ, ಮಾತು ಅಲ್ಲಿಗೇ ತಣ್ಣಗಾಗುತ್ತದೆ.

ಹೈಸ್ಕೂಲಿನಲ್ಲಿ ನಾವೆಲ್ಲ ಬರೆದಿದ್ದೇವೆ, "ನವೀಕರಿಸಬಹುದಾದ ಇಂಧನ ಮೂಲಗಳು: ಅನುಕೂಲ ಐದು, ಅನಾನುಕೂಲ ಐದು". ಹೊಗೆ ಇಲ್ಲ, ಮುಗಿದು ಹೋಗಲ್ಲ, ಇತ್ಯಾದಿ ಈ ಕಡೆ. ರಾತ್ರಿ ಬಿಸಿಲಿಲ್ಲ, ಜಾಗ ಜಾಸ್ತಿ ಬೇಕು, ಇತ್ಯಾದಿ ಆ ಕಡೆ. ಐದಕ್ಕೆ ಐದು ಮಾರ್ಕು. ಆ ಪಟ್ಟಿಯಲ್ಲಿ ತಪ್ಪೇನಿಲ್ಲ. ಆದರೆ ಅದರಲ್ಲಿ ಒಂದು ಕಾಲಂ ಕಾಣೆಯಾಗಿದೆ. ಅನುಕೂಲ ಯಾರಿಗೆ? ಅನಾನುಕೂಲ ಯಾರಿಗೆ? ಈ ಎರಡೂ ಒಬ್ಬನಿಗೇ ಸೇರುವುದಾದರೆ ಅವನು ತೂಗಿ ನೋಡಿ ತೀರ್ಮಾನ ಮಾಡುತ್ತಾನೆ. ಅನುಕೂಲ ಬೆಂಗಳೂರಿಗೆ, ಅನಾನುಕೂಲ ಪಾವಗಡಕ್ಕೆ ಅಂತ ಹಂಚಿಬಿಟ್ಟರೆ ತೂಗುವವರು ಯಾರು? ಈ ಬರಹದ ಜಗಳ ಇಷ್ಟೇ.

ಮೊದಲೇ ಹೇಳಿಬಿಡುತ್ತೇನೆ, ನಾನು ಸೋಲಾರ್ ವಿರೋಧಿ ಅಲ್ಲ. "ಅದೆಲ್ಲ ಬೋಗಸ್, ಕಲ್ಲಿದ್ದಲು ಬಿಟ್ಟರೆ ಗತಿ ಇಲ್ಲ" ಅನ್ನುವ ಪಂಗಡದವರು ಇದನ್ನು ಓದಿ ಚಪ್ಪಾಳೆ ತಟ್ಟುವುದು ಬೇಡ. ಕರ್ನಾಟಕದಲ್ಲಿ ಕಲ್ಲಿದ್ದಲು ಇಲ್ಲ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಉರಿಸುತ್ತಿರುವುದೆಲ್ಲ ಹೊರರಾಜ್ಯದಿಂದ ರೈಲಿನಲ್ಲಿ ಬಂದ ಕಲ್ಲಿದ್ದಲು. ಆಮೇಲೆ ಬಳ್ಳಾರಿ ಬಂತು, ಯರಮರಸ್ ಬಂತು. ಕರೆಂಟು ತಂತಿ ಹಿಡಿದು ದಕ್ಷಿಣಕ್ಕೆ ಬಂತು, ಬೂದಿ ಅಲ್ಲೇ ಉಳಿಯಿತು. ಅಲ್ಲಿನವರು ಒಣಹಾಕಿದ ಬಟ್ಟೆಯ ಮೇಲೆ ಕೂರುವ ಬೂದಿಯ ಬಗ್ಗೆ ಬೆಂಗಳೂರಿನಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹಾಗಾಗಿ "ಸೋಲಾರ್‌ನಿಂದ ಹಳ್ಳಿಯವರಿಗೆ ಅನ್ಯಾಯ" ಅಂತ ಈಗ ಕಣ್ಣೀರು ಹಾಕುವ ಕಲ್ಲಿದ್ದಲು ಭಕ್ತರು ಮೊದಲು ಶಕ್ತಿನಗರಕ್ಕೆ ಹೋಗಿ ಎರಡು ದಿನ ಇದ್ದು ಬರಲಿ.

ಇನ್ನು ಅನುಕೂಲಗಳ ವಿಷಯ. ನಮ್ಮ ರಾಜ್ಯಕ್ಕೆ ಪ್ರಕೃತಿ ಒಂದು ಒಳ್ಳೆ ಹೊಂದಾಣಿಕೆ ಮಾಡಿಕೊಟ್ಟಿದೆ. ಜನವರಿಯಿಂದ ಮೇ ತನಕ ಬಿಸಿಲು ಚೆನ್ನಾಗಿ ಕಾಯುತ್ತದೆ. ಜೂನ್‌ನಲ್ಲಿ ಮೋಡ ಕವಿದು ಬಿಸಿಲು ಇಳಿಯುವ ಹೊತ್ತಿಗೆ ಚಿತ್ರದುರ್ಗ, ಗದಗ ಕಡೆ ಗುಡ್ಡಗಳ ಮೇಲೆ ಮುಂಗಾರು ಗಾಳಿ ಎದ್ದಿರುತ್ತದೆ. ಅದೇ ಮಳೆ ಪಶ್ಚಿಮ ಘಟ್ಟದ ಜಲಾಶಯಗಳನ್ನು ತುಂಬುತ್ತದೆ. ಒಬ್ಬರು ರಜೆ ಹಾಕಿದಾಗ ಇನ್ನೊಬ್ಬರು ಡ್ಯೂಟಿಗೆ ಬಂದ ಹಾಗೆ. ಇಂಥ ಸೌಕರ್ಯ ಎಲ್ಲ ರಾಜ್ಯಕ್ಕೂ ಇಲ್ಲ. ಇದನ್ನು ಬಿಟ್ಟು ಕಲ್ಲಿದ್ದಲಿಗೆ ಕೈ ಚಾಚುವುದು, ಹಿತ್ತಲಲ್ಲಿ ಬಾವಿ ಇಟ್ಟುಕೊಂಡು ಟ್ಯಾಂಕರ್‌ಗೆ ಫೋನ್ ಮಾಡಿದ ಹಾಗೆ.

ಹಾಗಾದರೆ ತಕರಾರು ಏನು? ತಕರಾರು ಹಳೆಯದು, 1902ರದ್ದು. ಆ ವರ್ಷ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟು ಹುಟ್ಟಿತು. ನೀರು ಅಂದರೆ ನವೀಕರಿಸಬಹುದಾದದ್ದೇ ತಾನೇ? ಅಂದರೆ ಮೈಸೂರು ಸೀಮೆಯ ಕರೆಂಟಿನ ಕಥೆ ಶುರುವಾದದ್ದೇ ಹೊಗೆ ಇಲ್ಲದ ಕರೆಂಟಿನಿಂದ. ಹೆಮ್ಮೆ ಪಡೋಣ. ಆದರೆ ಆ ಕರೆಂಟು ಮೊದಲು ಹೋದದ್ದು ಎಲ್ಲಿಗೆ? ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಆ ತಂತಿಯ ಕೆಳಗೆ ಉಳುತ್ತಿದ್ದ ರೈತರ ಮನೆಗಳಲ್ಲಿ ಇನ್ನೂ ಎಷ್ಟೋ ವರ್ಷ ಬುಡ್ಡಿ ದೀಪವೇ. ದೀಪದ ಬುಡದಲ್ಲಿ ಕತ್ತಲೆ ಅಂತ ಗಾದೆ ಇದೆಯಲ್ಲ, ನಮ್ಮಲ್ಲಿ ತಂತಿಯ ಬುಡದಲ್ಲೂ ಕತ್ತಲೆಯೇ ಇತ್ತು.

ಶರಾವತಿಯ ಕಥೆ ಇನ್ನೂ ಕಹಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. 1035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರ ಒಂದು ಕಾಲಕ್ಕೆ ಇಡೀ ರಾಜ್ಯದ ಬೆನ್ನೆಲುಬು. ಊರು, ತೋಟ, ಗದ್ದೆ ನೀರಿಗೆ ಬಿಟ್ಟು ಎದ್ದು ಹೋದವರ ಮಕ್ಕಳು, ಮೊಮ್ಮಕ್ಕಳು ತಾವಿರುವ ಜಾಗಕ್ಕೆ ಹಕ್ಕುಪತ್ರ ಕೊಡಿ ಅಂತ ಇಂದಿಗೂ ಶಿವಮೊಗ್ಗದಲ್ಲಿ ಧರಣಿ ಕೂರುತ್ತಾರೆ. ಬಲ್ಬು ಹೊತ್ತಿಸಿಕೊಂಡ ನಮಗೆ ಸಾಲ ಬಾಕಿ ಇದೆ ಅನ್ನುವುದೇ ಮರೆತು ಹೋಗಿದೆ.

ಈಗ ಪಾವಗಡ. ತುಮಕೂರು ಜಿಲ್ಲೆಯ ಬರದ ತಾಲ್ಲೂಕು. ತಿರುಮಣಿ ಸುತ್ತಿನ ಹಳ್ಳಿಗಳಲ್ಲಿ 13 ಸಾವಿರ ಎಕರೆಯಲ್ಲಿ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್. 2018ರಲ್ಲಿ ಉದ್ಘಾಟನೆ, 2019ರ ಕೊನೆಗೆ ಪೂರ್ತಿ. ಇದರಲ್ಲಿ ಒಂದು ಒಳ್ಳೆ ಕೆಲಸ ಆಯಿತು, ಅದನ್ನು ಒಪ್ಪಲೇಬೇಕು. ರೈತರಿಂದ ಭೂಮಿ ಕಿತ್ತುಕೊಳ್ಳಲಿಲ್ಲ, ಕೊಳ್ಳಲೂ ಇಲ್ಲ. ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ನಂಬಿ ಶೇಂಗಾ ಬಿತ್ತಿ ಕೈ ಸುಟ್ಟುಕೊಳ್ಳುತ್ತಿದ್ದ ಹತ್ತೆಕರೆ ರೈತನಿಗೆ ವರ್ಷಕ್ಕೆ 2 ಲಕ್ಷದ ಮೇಲೆ ಖಾತ್ರಿ ಹಣ. ಶಿವನಸಮುದ್ರ, ಶರಾವತಿಗಳಿಗೆ ಹೋಲಿಸಿದರೆ ಇದು ಸಾವಿರ ಪಾಲು ವಾಸಿ.

ಆದರೆ ಹತ್ತೆಕರೆ ಇಲ್ಲದವರು? ಅವರ ಹೊಲದಲ್ಲಿ ಕಳೆ ಕೀಳುತ್ತಿದ್ದ, ಶೇಂಗಾ ಬಿಡಿಸುತ್ತಿದ್ದ ಕೂಲಿ ಹೆಂಗಸರು? ಬೆಳೆ ಎತ್ತಿದ ಮೇಲೆ ಖಾಲಿ ಹೊಲಗಳಲ್ಲಿ ಕುರಿ ಬಿಡುತ್ತಿದ್ದವರು? ಹೊಲಕ್ಕೆ ಬೇಲಿ ಬಿತ್ತು, ಕೆಲಸ ಹೋಯಿತು, ಮೇವು ಹೋಯಿತು. ಪಟ್ಟಾ ಇದ್ದವರಿಗೆ ಬಾಡಿಗೆ, ಪಟ್ಟಾ ಇಲ್ಲದವರಿಗೆ ಬೇಲಿ. ಪ್ಯಾನೆಲ್ ತೊಳೆಯುವುದು, ಹುಲ್ಲು ಕತ್ತರಿಸುವುದು, ಕಾವಲು... ಇಷ್ಟು ಕೆಲಸ ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ? ಒಂದು ಮೆಗಾವ್ಯಾಟಿಗೆ ಆರು ಎಕರೆಗಿಂತ ಜಾಸ್ತಿ ಜಾಗ ತಿನ್ನುವ ಯಂತ್ರ ಇದು. "ಬಂಜರು ಭೂಮಿ" ಅಂತ ಕಾಗದದಲ್ಲಿ ಬರೆದ ಮಾತ್ರಕ್ಕೆ ಅಲ್ಲಿ ಯಾರೂ ಬದುಕುತ್ತಿರಲಿಲ್ಲ ಅಂತ ಅರ್ಥವಲ್ಲ.

ಇಷ್ಟು ಹೇಳಿ, ಈಗ ನಮ್ಮ ಬೀದಿಗೆ ಬರುತ್ತೇನೆ. ಯಾಕೆಂದರೆ ಪಾವಗಡದವರು ಜಾಗ ಬಿಟ್ಟುಕೊಟ್ಟರಲ್ಲ, ನಾವೇನು ಬಿಟ್ಟುಕೊಟ್ಟಿದ್ದೇವೆ ಅಂತ ನೋಡಬೇಕಲ್ಲ?

ನಾನಿರುವುದು ಸಿಂಗಸಂದ್ರದಲ್ಲಿ, ಬಾಡಿಗೆ ಮನೆ, ಮೂರನೇ ಮಹಡಿ. ಹೊಸೂರು ರಸ್ತೆ ಗೊತ್ತಿದ್ದವರಿಗೆ ಈ ಏರಿಯಾ ವಿವರಿಸುವುದು ಬೇಕಿಲ್ಲ. ಒಂದು ಕಡೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್, ಇನ್ನೊಂದು ಕಡೆ ಎಲೆಕ್ಟ್ರಾನಿಕ್ ಸಿಟಿ, ನಡುವೆ ನಾವು. ಪಿ.ಜಿ.ಗಳು, 30-40 ಸೈಟಿನಲ್ಲಿ ನಾಲ್ಕು ಐದು ಅಂತಸ್ತಿನ ಬಾಡಿಗೆ ಮನೆಗಳು, ಅಪಾರ್ಟ್‌ಮೆಂಟುಗಳು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೋ ಶುರುವಾದ ಮೇಲೆ ಒಂದು ಹೊಸ ನೋಟ ಸಿಕ್ಕಿದೆ. ರಸ್ತೆಯಿಂದ ಕಾಣದ ತಾರಸಿಗಳು ರೈಲಿನಿಂದ ಕಾಣುತ್ತವೆ. ಕೂಡ್ಲು ಗೇಟ್ ಬಿಟ್ಟು ಸಿಂಗಸಂದ್ರ, ಹೊಸ ರೋಡ್ ಸ್ಟೇಷನ್ ದಾಟುವ ತನಕ ಕಿಟಕಿ ಪಕ್ಕ ನಿಂತು ಎಣಿಸಿ ನೋಡಿ. ಕಪ್ಪು ನೀರಿನ ಟ್ಯಾಂಕುಗಳು, ಒಣಹಾಕಿದ ಬಟ್ಟೆ, ಸೋಲಾರ್ ವಾಟರ್ ಹೀಟರ್, ಡಿಶ್ ಆಂಟೆನಾ, ಅರ್ಧಕ್ಕೆ ನಿಂತ ಪಿಲ್ಲರ್ ಕಂಬಿಗಳು. ಕಾರ್ಖಾನೆ, ಗೋಡೌನುಗಳ ಉದ್ದುದ್ದ ಶೀಟುಗಳು ಬಿಸಿಲಿಗೆ ಥಳಥಳ ಹೊಳೆಯುತ್ತವೆ. ಕರೆಂಟು ಮಾಡುವ ಪ್ಯಾನೆಲ್ ಮಾತ್ರ ಅಲ್ಲೊಂದು ಇಲ್ಲೊಂದು.

ತಮಾಷೆ ಏನು ಗೊತ್ತಾ? ಸೋಲಾರ್ ಪ್ಯಾನೆಲ್ ನಮ್ಮ ಕಡೆಗೆ ಹೊಸ ವಸ್ತು ಅಲ್ಲವೇ ಅಲ್ಲ. 1989ರಲ್ಲಿ ಹುಟ್ಟಿದ ಟಾಟಾ ಬಿಪಿ ಸೋಲಾರ್ (ಮುಂದೆ ಟಾಟಾ ಪವರ್ ಸೋಲಾರ್ ಆಯಿತು) ಪ್ಯಾನೆಲ್ ತಯಾರಿಸಿದ್ದು ಇದೇ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಹರೀಶ್ ಹಂದೆಯವರ ಸೆಲ್ಕೋ 1995ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ. ಕರಾವಳಿ, ಮಲೆನಾಡಿನ ಒಂಟಿ ಮನೆಗಳಿಗೆ ಗ್ರಾಮೀಣ ಬ್ಯಾಂಕಿನ ಸಾಲ ಕೊಡಿಸಿ ಎರಡು ದೀಪ, ನಾಲ್ಕು ದೀಪ ಹಚ್ಚಿಸಿದ ಕಂಪನಿ ಅದು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಂದರೆ ಪ್ಯಾನೆಲ್ ಮಾಡುವುದೂ ನಮಗೆ ಗೊತ್ತು, ಬಡವರ ಮನೆಗೆ ತಲುಪಿಸುವುದೂ ಗೊತ್ತು. ನಮ್ಮ ತಲೆಯ ಮೇಲಿನ ಸೂರಿಗೆ ಹತ್ತಿಸುವುದು ಮಾತ್ರ ಗೊತ್ತಾಗಲಿಲ್ಲ!

ಯಾಕೆ ಹೀಗೆ? ಜನ ಸೋಮಾರಿಗಳು, ಜಾಗೃತಿ ಇಲ್ಲ ಅಂತ ಉಪದೇಶ ಮಾಡುವವರು ಬಹಳ. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಓನರ್ ಅಂಕಲ್‌ನ ಒಮ್ಮೆ ಕೇಳಿದ್ದೆ, "ಅಂಕಲ್, ಮೇಲೆ ಸೋಲಾರ್ ಹಾಕಿಸಬಹುದಲ್ಲ, ಕೇಂದ್ರದವರು ಸಬ್ಸಿಡಿ ಕೊಡ್ತಾರಂತೆ?" ಅವರು ನಕ್ಕರು. "ಬಿಲ್ ಕಟ್ಟೋರು ನೀವು, ದುಡ್ಡು ಹಾಕೋನು ನಾನಾ? ಅದೂ ಅಲ್ದೆ ಮೇಲೆ ಇನ್ನೊಂದು ಫ್ಲೋರ್ ಎತ್ತಬೇಕು ಅಂತಿದೀನಿ ಕಣಪ್ಪ. ಪ್ಯಾನೆಲ್ ಹಾಕಿದ್ರೆ ಕಾಲಂ ಎಲ್ಲಿ ಎಬ್ಬಿಸ್ಲಿ?"

ಯೋಚನೆ ಮಾಡಿ ನೋಡಿ, ಅವರ ಮಾತಿನಲ್ಲಿ ಒಂದಕ್ಷರ ತಪ್ಪಿಲ್ಲ. ಸೂರು ಅವರದ್ದು, ಬಿಲ್ ನನ್ನದು. ಪ್ಯಾನೆಲ್ ಹಾಕಿದರೆ ಖರ್ಚು ಅವರಿಗೆ, ಲಾಭ ನನಗೆ. ನಾನೇ ಹಾಕಿಸೋಣ ಅಂದರೆ ಹನ್ನೊಂದು ತಿಂಗಳ ಅಗ್ರಿಮೆಂಟು, 25 ವರ್ಷ ಬಾಳುವ ಪ್ಯಾನೆಲ್. ಮನೆ ಖಾಲಿ ಮಾಡುವಾಗ ಟೆಂಪೋದಲ್ಲಿ ಮಂಚದ ಜೊತೆ ಹಾಕಿಕೊಂಡು ಹೋಗಲಾ? ಪಾವಗಡದಲ್ಲಿ ಭೂಮಿ ಇದ್ದವನಿಗೆ ಬಾಡಿಗೆ, ಇಲ್ಲದವನಿಗೆ ಬೇಲಿ. ಸಿಂಗಸಂದ್ರದಲ್ಲಿ ಸೂರು ಇದ್ದವನಿಗೆ ಸಬ್ಸಿಡಿ, ಇಲ್ಲದವನಿಗೆ ಜಾಹೀರಾತು. ಎರಡೂ ಒಂದೇ ಕಾಯಿಲೆ.

2024ರ ಫೆಬ್ರುವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯನ್ನೇ ನೋಡಿ. 2 ಕಿಲೋವ್ಯಾಟ್ ತನಕ ಕಿಲೋವ್ಯಾಟಿಗೆ 30 ಸಾವಿರ, 3 ಕಿಲೋವ್ಯಾಟ್ ಅಥವಾ ಮೇಲ್ಪಟ್ಟರೆ ಒಟ್ಟು 78 ಸಾವಿರ ಸಹಾಯಧನ. ಯೋಜನೆ ಒಳ್ಳೆಯದೇ. ಆದರೆ ಅದರ ಕಣ್ಣಲ್ಲಿ ಇರುವ ಮನೆ ಯಾವುದು? ಒಂದು ಕುಟುಂಬ, ಸ್ವಂತ ಮನೆ, ಸ್ವಂತ ತಾರಸಿ, ಸ್ವಂತ ಮೀಟರ್. ಸಿಂಗಸಂದ್ರದಲ್ಲಿ ಹೀಗೆ ಬದುಕುವವರು ಎಷ್ಟು ಮಂದಿ? ಇನ್ನು ನಮ್ಮ ರಾಜ್ಯದ ಗೃಹಜ್ಯೋತಿ, 2023ರ ಜುಲೈ ತಿಂಗಳ ಬಳಕೆಯಿಂದ ಶುರುವಾದದ್ದು. 200 ಯೂನಿಟ್ ಒಳಗಿನ ಮನೆಗಳಿಗೆ ಸರಾಸರಿ ಬಳಕೆಯ ಲೆಕ್ಕದಲ್ಲಿ ಬಿಲ್ ಸೊನ್ನೆ. ಬಾಡಿಗೆದಾರರಿಗೂ ಉಂಟು. ಗಾರ್ಮೆಂಟ್ಸ್‌ಗೆ ಹೋಗುವ ನಮ್ಮ ಕೆಳಗಿನ ಮನೆಯವರಿಗೆ ತಿಂಗಳ ಕೊನೆಯಲ್ಲಿ ಅದರಿಂದ ಆಗುವ ಉಪಕಾರ ನನಗೆ ಗೊತ್ತು, ಅದನ್ನು ಕಿತ್ತುಕೊಳ್ಳಿ ಅಂತ ನಾನು ಹೇಳುವುದಿಲ್ಲ. ಆದರೆ ಬಿಲ್ ಸೊನ್ನೆ ಆದ ಮನೆಯಲ್ಲಿ ಪ್ಯಾನೆಲ್ ಹಾಕಲು ಯಾರಿಗೆ ಮನಸ್ಸು ಬರುತ್ತದೆ? ಒಂದು ಸರ್ಕಾರ ಹಾಕಿ ಅನ್ನುತ್ತದೆ, ಇನ್ನೊಂದು ಯಾಕೆ ಬೇಕು ಅನ್ನುತ್ತದೆ.

ಇಲ್ಲೊಂದು ಲೆಕ್ಕ ಮಾಡೋಣ. 100 ಯೂನಿಟ್ ಬಳಸುವ ಮನೆಗೆ ಯೂನಿಟ್ಟಿಗೆ ಸುಮಾರು 6 ರೂಪಾಯಿಯಂತೆ ತಿಂಗಳಿಗೆ 600, ವರ್ಷಕ್ಕೆ 7,200 ರೂಪಾಯಿ ಸರ್ಕಾರ ತುಂಬಿಕೊಡುತ್ತದೆ ಅಂತ ಇಟ್ಟುಕೊಳ್ಳಿ. ಬೆಂಗಳೂರಿನ ಬಿಸಿಲಿಗೆ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್, ಅಂದರೆ ತಿಂಗಳಿಗೆ 120 ಯೂನಿಟ್ ಕೊಡುತ್ತದೆ. ಅದರ ಖರ್ಚು 60 ಸಾವಿರ ಅಂತ ಹಿಡಿಯಿರಿ. ಎಂಟೂವರೆ ವರ್ಷದ ಒಳಗೆ ಅದೇ ದುಡ್ಡು ವಾಪಸ್ಸು. ಆಮೇಲೆ ಹದಿನೈದು ವರ್ಷಕ್ಕೂ ಮೇಲೆ, ನಡುವೆ ಇನ್ವರ್ಟರ್ ಒಮ್ಮೆ ಬದಲಿಸಿದರೆ, ಕರೆಂಟು ಹೆಚ್ಚುಕಮ್ಮಿ ಪುಕ್ಕಟೆ. ಪ್ರತಿ ತಿಂಗಳು ಸುರಿಯುವ ಸಬ್ಸಿಡಿಯಲ್ಲಿ ಒಂದು ಪಾಲನ್ನು ಮುಂಗಡವಾಗಿ ಇದೇ ಬಡಾವಣೆಗಳ ಸೂರಿನ ಮೇಲೆ ಹಾಕಿದರೆ ಬಡವರ ಬಿಲ್ಲೂ ಸೊನ್ನೆ, ಖಜಾನೆಯ ಹೊರೆಯೂ ಕಡಿಮೆ. ಇದಕ್ಕೆ ರಾಕೆಟ್ ವಿಜ್ಞಾನ ಬೇಕಾಗಿಲ್ಲ, ಕಿರಾಣಿ ಅಂಗಡಿ ಲೆಕ್ಕ ಸಾಕು.

ಹಾಗಂತ "ಎಲ್ಲ ತಾರಸಿಗೂ ಪ್ಯಾನೆಲ್ ಹಾಕಿದರೆ ಬೆಂಗಳೂರು ಬಚಾವ್" ಅಂತ ಕುಣಿಯುವವರಿಗೂ ಲೆಕ್ಕ ತೋರಿಸಬೇಕು. 30-40 ಸೈಟಿನ ನಮ್ಮಂಥ ಕಟ್ಟಡ. ಟ್ಯಾಂಕು, ಮೆಟ್ಟಿಲ ಮನೆ, ವಾಟರ್ ಹೀಟರ್, ಬಟ್ಟೆ ಒಣಹಾಕುವ ಜಾಗ ಕಳೆದರೆ 500 ಚದರ ಅಡಿ ಉಳಿಯಬಹುದು. ಓಡಾಡಲು ಜಾಗ ಸೇರಿಸಿ ಕಿಲೋವ್ಯಾಟಿಗೆ 100 ಚದರ ಅಡಿ ಹಿಡಿದರೆ 5 ಕಿಲೋವ್ಯಾಟ್. ತಿಂಗಳಿಗೆ 600 ಯೂನಿಟ್. ಎಂಟು ಮನೆ, ಮನೆಗೆ 100 ಅಂದರೆ 800 ಯೂನಿಟ್ ಬೇಕು, ಬೋರ್‌ವೆಲ್ ಮೋಟರ್ ಬೇರೆ. ಸಾಲದು. ಅಂತಸ್ತು ಏರಿದಷ್ಟೂ ಒಂದೊಂದು ಮನೆಯ ಪಾಲಿಗೆ ಸಿಗುವ ಸೂರು ಕಿರಿದಾಗುತ್ತದೆ. ಜೊತೆಗೆ ಪಕ್ಕದ ಸೈಟಿನವರು ಐದನೇ ಮಹಡಿ ಎತ್ತಿದರೆ ನಿಮ್ಮ ಪ್ಯಾನೆಲ್ ನೆರಳಿಗೆ ಬಿತ್ತು. ಸೆಟ್‌ಬ್ಯಾಕ್ ಬಿಡದೆ ಕಟ್ಟುವ ಊರಿನಲ್ಲಿ "ನನ್ನ ಬಿಸಿಲು ಕೊಡ್ರೀ" ಅಂತ ಯಾವ ಆಫೀಸಿಗೆ ಅರ್ಜಿ ಹಾಕುತ್ತೀರಿ?

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ಮಾರುವವರು ಹೇಳುವುದೂ ಇಲ್ಲ. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಟಕಟೆ ಬಿಸಿಲಿನ ಮಧ್ಯಾಹ್ನ 12 ಗಂಟೆ, ತಲೆಯ ಮೇಲೆ 5 ಕಿಲೋವ್ಯಾಟ್ ಪ್ಯಾನೆಲ್, ಕೆಳಗೆ ಫ್ಯಾನ್ ತಿರುಗುತ್ತಿಲ್ಲ! ನಮ್ಮ ಪಕ್ಕದ ರಸ್ತೆಯ ಒಬ್ಬರು ಇದೇ ಸಿಟ್ಟಿಗೆ ಪ್ಯಾನೆಲ್ ಹಾಕಿದವನನ್ನು ಬೀದಿಯಲ್ಲೇ ತರಾಟೆಗೆ ತೆಗೆದುಕೊಂಡಿದ್ದರು. ಕಾರಣ ಸರಿಯಾದದ್ದೇ. ಲೈನ್ ಆಫ್ ಮಾಡಿ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಿಮ್ಮ ಮನೆಯ ಕರೆಂಟು ಹಿಂದಿನಿಂದ ಹರಿದು ಹೊಡೆಯಬಾರದಲ್ಲ? ಆದರೆ ಇದನ್ನು ಮೊದಲೇ ಹೇಳಬೇಕಾದ್ದು ಮಾರುವವರ ಧರ್ಮ. ಕರೆಂಟು ಹೋದಾಗಲೂ ಬೇಕು ಅಂದರೆ ಬ್ಯಾಟರಿ ಬೇಕು, ಬ್ಯಾಟರಿ ಅಂದರೆ ಮತ್ತೆ ಖರ್ಚು, ಹಳೆಯ ಯು.ಪಿ.ಎಸ್ ಬ್ಯಾಟರಿ ಅಂದರೆ ಸೀಸ. ಆ ಸೀಸವನ್ನು ಯಾವುದೋ ಶೆಡ್ಡಿನಲ್ಲಿ ಕರಗಿಸುವವರ ಹೊಗೆ ಯಾರ ಮಕ್ಕಳ ಮೂಗಿಗೆ ಹೋಗುತ್ತದೆ ಅನ್ನುವುದು ಮತ್ತೆ ಅದೇ ಪ್ರಶ್ನೆ. ಪ್ಯಾನೆಲ್‌ಗಳೂ ಒಂದು ದಿನ ಕಸವೇ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮದಲ್ಲಿ ಸೋಲಾರ್ ಪ್ಯಾನೆಲನ್ನೂ ಸೇರಿಸಿದ್ದಾರೆ, 2034-35ರ ತನಕ ಬರುವ ಪ್ಯಾನೆಲ್ ಕಸವನ್ನು ತಯಾರಕರು ಕೂಡಿಡಬೇಕು ಅಂತ ಇದೆ. ಹಾಳೆಯ ಮೇಲೆ ಚೆನ್ನಾಗಿದೆ. ಆಮೇಲೆ ಅದು ಮಾವಳ್ಳಿಪುರದಂಥ ಇನ್ನೊಂದು ಊರಿನ ಹೆಗಲಿಗೆ ಬೀಳದಂತೆ ನೋಡಿಕೊಳ್ಳುವವರು ಯಾರು?

ಇನ್ನು ರಾತ್ರಿ. ಸಿಂಗಸಂದ್ರ ಎಚ್ಚರವಾಗುವುದೇ ಸಂಜೆ ಏಳಕ್ಕೆ. ಶಿಫ್ಟ್ ಬಿಟ್ಟು ಬಂದವರು ಲೈಟು, ಟಿ.ವಿ., ಮಿಕ್ಸಿ, ಇಂಡಕ್ಷನ್ ಒಲೆ, ಚಾರ್ಜಿಗೆ ಹಾಕಿದ ಎಲೆಕ್ಟ್ರಿಕ್ ಸ್ಕೂಟರ್, ಎಲ್ಲವೂ ಒಟ್ಟಿಗೆ. ಸೂರ್ಯ ಆಗಲೇ ಮನೆಗೆ ಹೋಗಿರುತ್ತಾನೆ. 2025ರ ಮಾರ್ಚ್‌ನಲ್ಲಿ ರಾಜ್ಯದ ಬೇಡಿಕೆ ಒಂದು ಹಂತದಲ್ಲಿ 18 ಸಾವಿರ ಮೆಗಾವ್ಯಾಟ್ ದಾಟಿತು. ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ ಮಧ್ಯಾಹ್ನ ಅಗ್ಗಕ್ಕೆ ಬಿಕರಿಯಾಗುವ ಯೂನಿಟ್ಟು ಸಂಜೆ ಹತ್ತು ರೂಪಾಯಿಯ ಮಿತಿ ಮುಟ್ಟುವುದುಂಟು.

ಈ ಸಂಜೆಯ ಹಸಿವಿಗೆ ಸರ್ಕಾರ ಹುಡುಕಿರುವ ಔಷಧಿ ಏನು? ಮತ್ತೆ ಶರಾವತಿ! ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2000 ಮೆಗಾವ್ಯಾಟ್‌ನ ಭೂಗರ್ಭ ಪಂಪ್ಡ್ ಸ್ಟೋರೇಜ್ ಯೋಜನೆ. ಅಗ್ಗದ ಕರೆಂಟು ಇದ್ದಾಗ ನೀರನ್ನು ಮೇಲೆತ್ತುವುದು, ಸಂಜೆ ಕೆಳಗೆ ಬಿಡುವುದು. ನಾಲ್ಕು ಯೂನಿಟ್ ಸುರಿದರೆ ವಾಪಸ್ಸು ಬರುವುದು ಮೂರು ಚಿಲ್ಲರೆ. ಬ್ಯಾಟರಿ ಅಂತ ನೋಡಿದರೆ ಇದು ಕೆಟ್ಟ ತಂತ್ರವೇನಲ್ಲ. ಆದರೆ ಜಾಗ ನೋಡಿ, ಸಿಂಗಳೀಕಗಳ ಅಭಯಾರಣ್ಯ, ಮಳೆಕಾಡು, ಕುಸಿಯುವ ಘಟ್ಟ. ಒಮ್ಮೆ ಊರು ಕೊಟ್ಟವರ ಕಣಿವೆಯನ್ನೇ ಎರಡನೇ ಸಲ ಕೇಳುತ್ತಿದ್ದೇವೆ. ಅದೂ ಯಾತಕ್ಕೆ? ಮಧ್ಯಾಹ್ನ ಮಾಡಬಹುದಾದ ಕೆಲಸವನ್ನು ನಾವು ರಾತ್ರಿ ಮಾಡುವುದಕ್ಕೆ. ಶಿವಮೊಗ್ಗ, ಉತ್ತರ ಕನ್ನಡದ ಜನ ಬೀದಿಗೆ ಇಳಿದಿದ್ದಾರೆ. "ಅಭಿವೃದ್ಧಿ ವಿರೋಧಿಗಳು" ಅಂತ ಅವರನ್ನು ಬೈಯುವ ಮೊದಲು ನಮ್ಮ ಸಂಪಿನ ಮೋಟರ್ ಎಷ್ಟು ಗಂಟೆಗೆ ಓಡುತ್ತದೆ ಅಂತ ನೋಡಿಕೊಳ್ಳೋಣ.

ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ರೆಡ್ಡಿಯವರನ್ನು ಇಲ್ಲಿ ನೆನೆಯಬೇಕು. 1974ರಲ್ಲಿ 'ಅಸ್ತ್ರ' ಕಟ್ಟಿದವರು, ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಗಣಿ ಗ್ಯಾಸಿನಿಂದ ದೀಪ ಮತ್ತು ನಲ್ಲಿ ನೀರು ಕೊಟ್ಟು ತೋರಿಸಿದವರು. 1987ರಲ್ಲಿ ರಾಜ್ಯಕ್ಕೆ ಸಾಲು ಸಾಲು ಹೊಸ ವಿದ್ಯುತ್ ಯೋಜನೆ ಬೇಕು ಅಂತ ದೀರ್ಘಾವಧಿ ಯೋಜನೆ ಮಾಡಿದಾಗ ಅದಕ್ಕೆ ಲೆಕ್ಕ ಸಮೇತ ಉತ್ತರ ಕೊಟ್ಟರು. ಅವರ ವಾದದ ತಿರುಳು ಸರಳ. ಜನಕ್ಕೆ ಬೇಕಾದದ್ದು ಯೂನಿಟ್ ಅಲ್ಲ, ಬೆಳಕು, ಬಿಸಿನೀರು, ಬೇಯುವ ಅನ್ನ. ಆ ಕೆಲಸ ಕಡಿಮೆ ಕರೆಂಟಿನಲ್ಲಿ ಆಗುವುದಾದರೆ ಅದೇ ಎಲ್ಲಕ್ಕಿಂತ ಅಗ್ಗದ ವಿದ್ಯುತ್ ಸ್ಥಾವರ. 2006ರಲ್ಲಿ ಅವರು ತೀರಿಕೊಂಡರು. ಆ ಮಾತು ಇನ್ನೂ ಹಳೆಯದಾಗಿಲ್ಲ.

ಅದಕ್ಕೆ ಸಾಕ್ಷಿ ನಮ್ಮ ತಲೆಯ ಮೇಲೇ ಇದೆ, ಸೋಲಾರ್ ವಾಟರ್ ಹೀಟರ್. ಬೆಂಗಳೂರಿನಲ್ಲಿ ಕಾಯಿದೆಯ ಒತ್ತಾಯಕ್ಕೋ, ನೆರೆಮನೆ ನೋಡಿಯೋ, ಮನೆ ಮನೆಗೂ ಬಂತು. ಹಗಲು ಕಾದ ನೀರು ಬೆಳಗಿನ ಜಾವದ ಸ್ನಾನಕ್ಕೆ ಸಿಗುತ್ತದೆ. ಸೀಸ ಇಲ್ಲ, ಲಿಥಿಯಂ ಇಲ್ಲ, ಉಣ್ಣೆ ಹೊದಿಸಿದ ಟ್ಯಾಂಕೇ ಬ್ಯಾಟರಿ! 3 ಕಿಲೋವ್ಯಾಟ್ ಗೀಸರ್ 20 ನಿಮಿಷ ಉರಿದರೆ 1 ಯೂನಿಟ್. ಎಂಟು ಮನೆ, ಮನೆಗೆ ಎರಡು ಯೂನಿಟ್ ಅಂದರೆ 16 ಯೂನಿಟ್ ದಿನಕ್ಕೆ, 4 ಕಿಲೋವ್ಯಾಟ್ ಪ್ಯಾನೆಲ್ ಮಾಡುವ ಕೆಲಸ. ತೊಂದರೆ ಇಲ್ಲವೇ? ಇದೆ. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಕೊಳವೆ ಮುಚ್ಚಿಕೊಳ್ಳುತ್ತದೆ. ಕೆಳಗಿನ ಮಹಡಿಯವರಿಗೆ ಬಿಸಿನೀರು ಬರುವ ಹೊತ್ತಿಗೆ ಒಂದು ಬಕೆಟ್ ತಣ್ಣೀರು ಹರಿದಿರುತ್ತದೆ. ಎಷ್ಟೋ ಬಾಡಿಗೆ ಕಟ್ಟಡಗಳಲ್ಲಿ ಹೀಟರ್ ಇರುವುದು ಓನರ್ ಮನೆಗೆ ಮಾತ್ರ, ಉಳಿದವರಿಗೆ ಗೀಸರ್ ಪಾಯಿಂಟ್. ನೋಡಿ, ಇಲ್ಲೂ ಅದೇ ಕಾಲಂ.

ಬರೀ ಬೈದು ಮುಗಿಸಿದರೆ ಆಗಲಿಲ್ಲ, ಆಗಬೇಕಾದ್ದು ಏನು ಅಂತಲೂ ಹೇಳುತ್ತೇನೆ.

ಒಂದು, ಮನೆಗಳಿಗೆ ಮೊದಲು ಕಾರ್ಖಾನೆ, ಗೋಡೌನು, ಐಟಿ ಪಾರ್ಕ್, ಮಾಲುಗಳ ಸೂರು. ಒಂದೆಕರೆ ಸೂರಿನಲ್ಲಿ ಸುಮಾರು 400 ಕಿಲೋವ್ಯಾಟ್, ದಿನಕ್ಕೆ 1,600 ಯೂನಿಟ್. ಗಾರ್ಮೆಂಟ್ಸ್‌ನ ಹೊಲಿಗೆ ಮೆಷಿನ್ ಓಡುವುದು ಹಗಲು, ಪೀಣ್ಯದ ಲೇಥ್ ತಿರುಗುವುದು ಬಹುಪಾಲು ಹಗಲು. ಭಾನುವಾರ ಮಿಕ್ಕಿದ್ದು ಪಕ್ಕದ ಬೀದಿಗೆ. ಹಳೆಯ ಸಿಮೆಂಟ್ ಶೀಟುಗಳು ಭಾರ ತಡೆಯುವುದಿಲ್ಲ, ಅವನ್ನು ಬದಲಿಸುವ ಖರ್ಚಿಗೆ ಸಾಲ ಕೊಡಿ. ದೂರದ ಗುಡ್ಡದ ಗಾಳಿ ಕರೆಂಟು ಕೊಂಡು "ನಾವು ಹಸಿರು" ಅಂತ ಬೋರ್ಡ್ ಹಾಕುವ ಮೊದಲು ತಮ್ಮ ಸೂರು, ತಮ್ಮ ಪಾರ್ಕಿಂಗ್ ಮುಚ್ಚಿದ್ದೇವೆ ಅಂತ ತೋರಿಸಲಿ.

ಎರಡು, ಸೂರಿಲ್ಲದವರಿಗೂ ಪಾಲು. ಒಂದು ಕಡೆ ಹಾಕಿದ ಪ್ಯಾನೆಲ್‌ನ ಯೂನಿಟ್ಟನ್ನು ಬೇರೆ ಕಡೆ ಇರುವ ಹಲವರ ಮೀಟರಿಗೆ ಹಂಚುವ ವ್ಯವಸ್ಥೆಗೆ ವರ್ಚುವಲ್ ನೆಟ್ ಮೀಟರಿಂಗ್ ಅನ್ನುತ್ತಾರೆ. ದೆಹಲಿಯಲ್ಲಿ 2019ರಲ್ಲೇ ಇದಕ್ಕೆ ಮಾರ್ಗಸೂಚಿ ಬಂತು. ನಿಯಮ ಬರೆಯುವುದು ದೊಡ್ಡದಲ್ಲ. ಸಿಂಗಸಂದ್ರದ ಒಬ್ಬ ಬಾಡಿಗೆದಾರ ಸರ್ಕಾರಿ ಶಾಲೆಯ ತಾರಸಿಯ ಮೇಲೆ 1 ಕಿಲೋವ್ಯಾಟ್ ಪಾಲು ಕೊಂಡು, ಮನೆ ಬದಲಿಸಿದಾಗ ಆ ಪಾಲನ್ನೂ ಹೊಸ ಮೀಟರಿಗೆ ವರ್ಗಾಯಿಸಿಕೊಳ್ಳುವಂತೆ ಆಗಬೇಕು. ಗ್ಯಾಸ್ ಕನೆಕ್ಷನ್ ವರ್ಗಾವಣೆ ಆಗುವುದಿಲ್ಲವೇ?

ಮೂರು, ಹಗಲಿನ ಕೆಲಸ ಹಗಲಿಗೆ. ಬೋರ್‌ವೆಲ್, ಸಂಪು ಮೋಟರ್, ವಾಷಿಂಗ್ ಮೆಷಿನ್, ಆಫೀಸಿನ ಪಾರ್ಕಿಂಗಿನಲ್ಲೇ ವಾಹನ ಚಾರ್ಜ್. ಕೇಂದ್ರದ 2023ರ ನಿಯಮ ಬಿಸಿಲಿನ ಹೊತ್ತಿನ ದರ ಮಾಮೂಲಿಗಿಂತ ಕನಿಷ್ಠ ಶೇ. 20 ಕಡಿಮೆ ಇರಬೇಕು ಅನ್ನುತ್ತದೆ. ಅದಕ್ಕೆ ತಕ್ಕ ಮೀಟರು ಸಾಮಾನ್ಯರ ಮನೆಗೂ ಬರಲಿ.

ನಾಲ್ಕು, ಪಾವಗಡದಂಥ ಪಾರ್ಕ್ ಮುಂದೆ ಎಲ್ಲೇ ಆಗಲಿ, ಗುತ್ತಿಗೆ ಹಣದ ಜೊತೆ ಪ್ರತಿ ಯೂನಿಟ್ಟಿನಲ್ಲಿ ಒಂದಿಷ್ಟು ಪೈಸೆ ಭೂಮಿ ಇಲ್ಲದವರ ಹೆಸರಿಗೆ ಹೋಗಬೇಕು, ಬೇಲಿಯೊಳಗೆ ಕುರಿ ಮೇಯಲು ದಾರಿ ಇರಬೇಕು. ಪ್ಯಾನೆಲ್ ಕೆಳಗಿನ ಹುಲ್ಲು ಕತ್ತರಿಸಲು ಕೂಲಿ ಕೊಡುವ ಬದಲು ಕುರಿ ಬಿಟ್ಟರೆ ಇಬ್ಬರಿಗೂ ಲಾಭ ಅಲ್ಲವೇ?

ಸೂರು ತುಂಬಿದ ಮೇಲೂ ಹೊಲ ಬೇಕಾಗಬಹುದು, ನನಗೆ ಗೊತ್ತು. ಮೇಲೆ ಲೆಕ್ಕ ಹಾಕಿದ್ದೇನಲ್ಲ, ಅಂತಸ್ತುಗಳ ಊರಿಗೆ ಸೂರೊಂದೇ ಸಾಲದು. ಗಾಳಿ ಬೇಕು, ಪಾರ್ಕ್ ಬೇಕು, ಬ್ಯಾಟರಿಯೂ ಬೇಕು. ನಾನು ಕೇಳುತ್ತಿರುವುದು ಸರದಿ ಮಾತ್ರ. ಮೊದಲು ಬಳಸುವವನ ಸೂರು, ಆಮೇಲೆ ಒಪ್ಪಿ ಕೊಟ್ಟವನ ಹೊಲ, ಕಾಡು ಕಟ್ಟಕಡೆಗೆ, ಆದರೆ ಬೇಡವೇ ಬೇಡ. 1902ರಿಂದ ಈ ಸರದಿ ತಲೆಕೆಳಗಾಗಿ ನಡೆದಿದೆ. ಇಂಧನ ಬದಲಾಯಿತು, ನೀರು ಹೋಗಿ ಕಲ್ಲಿದ್ದಲು ಬಂತು, ಕಲ್ಲಿದ್ದಲು ಹೋಗಿ ಬಿಸಿಲು ಬರುತ್ತಿದೆ. ಕೊಡುವವರೂ ತೆಗೆದುಕೊಳ್ಳುವವರೂ ಮಾತ್ರ ಬದಲಾಗಲಿಲ್ಲ.

ನೀವು ಯಾವ ಬಡಾವಣೆಯಲ್ಲಿದ್ದೀರೋ ಗೊತ್ತಿಲ್ಲ. ವೈಟ್‌ಫೀಲ್ಡೋ, ಪೀಣ್ಯವೋ, ದಾವಣಗೆರೆಯೋ, ಕಾಸರಗೋಡೋ. ಈ ಭಾನುವಾರ ಒಮ್ಮೆ ತಾರಸಿ ಹತ್ತಿ. ಎಷ್ಟು ಚದರ ಅಡಿ ಖಾಲಿ ಇದೆ, ಅದು ಯಾರ ಹೆಸರಲ್ಲಿದೆ, ಬಿಲ್ ಯಾರು ಕಟ್ಟುತ್ತಾರೆ, ನೆರಳು ಯಾರದ್ದು ಬೀಳುತ್ತದೆ... ಬರೆದು ಹಾಕಿ. ಅನುಕೂಲ ಅನಾನುಕೂಲಗಳ ಐದೈದು ಪಾಯಿಂಟ್ ಬೇಡ, ಹೆಸರು ಸಮೇತ ಲೆಕ್ಕ ಬೇಕು. ತಾರಸಿಗೆ ಬೀಗ ಹಾಕಿ ಕೀಲಿ ಓನರ್ ಹತ್ತಿರವೇ ಇದ್ದರೆ, ಅದನ್ನೂ ಬರೆಯಿರಿ. ಅದೂ ಲೆಕ್ಕಕ್ಕೆ ಸೇರಬೇಕಾದ್ದೇ.